ಅವ್ವನನ್ನು ಕಣ್ಣೂರಿಂದ ಹತ್ತಿಸಲಾ, ಮಂಗಳೂರಿಂದಲಾ? (ಕೊರಿಯಾ ವಿಡಿಯೋ ನೋಡಿ ಹೆದರಿ ಕೂತಿದ್ದಾರೆ)

ಬೇತ್ರಿ_ಹೊಳೆ
ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 67 ವರ್ಷ. ಇದುವರೆಗೆ ವಿಮಾನ ಹತ್ತಿದವರಲ್ಲ. ಅಣ್ಣ ಶಾರ್ಜಾದಲ್ಲಿದ್ದಾನೆ, ಅತ್ತಿಗೆಗೆ ಮುಂದಿನ ತಿಂಗಳು ಹೆರಿಗೆ, ಹಾಗಾಗಿ ಅವ್ವ ಹೋಗಲೇಬೇಕು. ಕೊಡಗಿನ ಈ ಮಳೆಯಲ್ಲಿ ಸೀರೆ ಒಣಗಿಸುವುದೇ ಒಂದು ಸಾಹಸ, ಆದರೂ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿ ಪೆಟ್ಟಿಗೆ ತುಂಬಿ ಇಟ್ಟಿದ್ದರು. ಮೊನ್ನೆ ಯಾರೋ ಪುಣ್ಯಾತ್ಮರು ನಮ್ಮ ಒಕ್ಕದ (ಮನೆತನದ) ವಾಟ್ಸಾಪ್ ಗ್ರೂಪಿಗೆ ಕೊರಿಯಾದ ಮುವಾನ್ ವಿಮಾನದ ವಿಡಿಯೋ ಹಾಕಿದರು. ಚಕ್ರವೇ ಇಲ್ಲದೆ ಹೊಟ್ಟೆ ಮೇಲೆ ಜಾರಿಕೊಂಡು ಹೋಗಿ ಗುದ್ದುತ್ತದಲ್ಲ, ಅದೇ. ಅವ್ವ ಅದನ್ನು ನಾಲ್ಕು ಸಲ ನೋಡಿದ್ದಾರೆ. ಈಗ ಪೆಟ್ಟಿಗೆ ಮಂಚದ ಕೆಳಗೆ ಹೋಗಿದೆ.

ನನ್ನ ಪ್ರಶ್ನೆ ಎರಡು. ಒಂದು, ಟಿಕೆಟ್ ಇನ್ನೂ ಮಾಡಿಲ್ಲ, ಕಣ್ಣೂರಾ ಮಂಗಳೂರಾ ಬೆಂಗಳೂರಾ, ಯಾವುದು ಒಳ್ಳೆಯದು? ಎರಡು, ಹಾಗೆ ಹೊಟ್ಟೆ ಮೇಲೆ ಇಳಿದರೆ ಯಾರೂ ಉಳಿಯುವುದಿಲ್ಲವಾ? ಅವ್ವ ಕೇಳುತ್ತಿದ್ದಾರೆ, ನನಗೆ ಉತ್ತರ ಗೊತ್ತಿಲ್ಲ. "ಹಾಗೇನೂ ಆಗುವುದಿಲ್ಲ ಅವ್ವ" ಅಂದರೆ ಒಪ್ಪುವ ಹೆಂಗಸಲ್ಲ.

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್
ಕಣ್ಣೂರು. ಇದರಲ್ಲಿ ಕೇಳುವುದೇನಿದೆ. ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಅಲ್ಲಿಂದ ಮಟ್ಟನ್ನೂರು, ಏರ್‌ಪೋರ್ಟ್ ಅಲ್ಲೇ. ಬೆಳಗ್ಗೆ ಕಾಫಿ ಕುಡಿದು ಹೊರಟರೆ ಮುಗಿಯಿತು.

ಮೂರ್ನಾಡು_ಮೂಲೆ
ಮಾಕುಟ್ಟ "ಇಳಿದರೆ" ತಾನೇ! ಜುಲೈ ಮಳೆಯಲ್ಲಿ ಆ ರಸ್ತೆಗೇ ಧೈರ್ಯ ಬೇಕು, ವಿಮಾನ ಆಮೇಲಿನ ಮಾತು.

ಪೊನ್ನಂಪೇಟೆ_ಪಿಯು
ಅಕ್ಕ, ಆ ಕೊರಿಯಾ ಕೇಸ್ ಪೂರ್ತಿ ಪೈಲಟ್ ತಪ್ಪು. ಚಕ್ರ ಬಿಡಲು ಮರೆತು ಕಾಂಪೌಂಡ್ ಗೋಡೆಗೆ ಹೋಗಿ ಗುದ್ದಿದ. ನಾನು ಮೂರು ವಿಡಿಯೋ ನೋಡಿದ್ದೇನೆ.

ಮಾಜಿ_ವಾರಂಟ್
ಮೂರು ವಿಡಿಯೋ ನೋಡಿ ತನಿಖೆ ಮುಗಿಸಿಬಿಟ್ಟೆಯಲ್ಲ ಮಾರಾಯ.

ನಾನು ವಾಯುಪಡೆಯಲ್ಲಿ 20 ವರ್ಷ ಎಂಜಿನ್ ಕೆಲಸ ಮಾಡಿದವನು. ಬೋಯಿಂಗ್ ಮುಟ್ಟಿದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಹಿಡಿದುಕೊಳ್ಳಬಾರದು. ನಡೆದದ್ದು ಇಷ್ಟು. 2024ರ ಡಿಸೆಂಬರ್ 29, ಬ್ಯಾಂಕಾಕ್‌ನಿಂದ ಮುವಾನ್‌ಗೆ ಬಂದ ಜೆಜು ಏರ್ ಕಂಪನಿಯ ಬೋಯಿಂಗ್ 737-800. ಒಳಗೆ 181 ಜನ. ಬೆಳಗ್ಗೆ ಇಳಿಯಲು ಬರುವಾಗ ಟವರ್‌ನವರು ಹಕ್ಕಿ ಇದೆ ನೋಡಿಕೊಳ್ಳಿ ಅಂದರು. 8:57ಕ್ಕೆ ಆ ಮಾತು, 8:59ಕ್ಕೆ ಪೈಲಟ್ ಮೇಡೇ (ಅಪಾಯದ ಕರೆ) ಅಂದ, 9:03ಕ್ಕೆ ಎಲ್ಲ ಮುಗಿದಿತ್ತು. ಆರು ನಿಮಿಷ. ನಾವು ಒಂದು ಬೀಡಿ ಸೇದುವ ಹೊತ್ತು. ಎರಡೂ ಎಂಜಿನ್‌ನಲ್ಲಿ ಹಕ್ಕಿಯ ಗರಿ, ರಕ್ತ ಸಿಕ್ಕಿತು. ಬೈಕಲ್ ಟೀಲ್ ಅಂತ ಒಂದು ಜಾತಿ ಬಾತು, ಚಳಿಗಾಲದಲ್ಲಿ ಕೊರಿಯಾಕ್ಕೆ ಹಿಂಡು ಹಿಂಡಾಗಿ ಬರುತ್ತದೆ. ಹಕ್ಕಿ ಬಡಿಯುವಾಗ ವಿಮಾನ ಇದ್ದದ್ದು ಸುಮಾರು 500 ಅಡಿ ಎತ್ತರದಲ್ಲಿ. ಅಲ್ಲಿಂದ ಮೇಲೆ ಎತ್ತಿ, ಸುತ್ತು ಹಾಕಿ, ರನ್‌ವೇಯ ಇನ್ನೊಂದು ತುದಿಯಿಂದ ಇಳಿಸಿದರು. 2,800 ಮೀಟರ್ ರನ್‌ವೇ. ಸುಮಾರು 1,200 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು.

ಈಗ ಬೇತ್ರಿ ತಂಗಿಯ ಪ್ರಶ್ನೆಗೆ ಬರುತ್ತೇನೆ. ಆ ಇಳಿಯುವಿಕೆಯಲ್ಲಿ ವಿಮಾನ ಒಡೆಯಲಿಲ್ಲ. ವಿಡಿಯೋದಲ್ಲಿ ಮತ್ತೊಮ್ಮೆ ನೋಡಿ (ಅವ್ವನಿಗೆ ತೋರಿಸಬೇಡಿ). ಸೀದಾ, ಮಟ್ಟಸವಾಗಿ ಜಾರುತ್ತಿದೆ. ರನ್‌ವೇ ಮುಗಿದ ಮೇಲೆ ಸುಮಾರು 250 ಮೀಟರ್ ಆಚೆ ಒಂದು ಮಣ್ಣಿನ ದಿಬ್ಬ ಇತ್ತು. ದಿಬ್ಬದ ಒಳಗೆ ಕಾಂಕ್ರೀಟ್. ಅದರ ಮೇಲೆ ಲೋಕಲೈಸರ್ ಆಂಟೆನಾ, ಅಂದರೆ ಪೈಲಟ್‌ಗೆ ರನ್‌ವೇ ನಡುಗೆರೆ ತೋರಿಸುವ ಯಂತ್ರ. ಕೊಂದದ್ದು ಅದು. ಕಾಂಪೌಂಡ್ ಗೋಡೆ ಇನ್ನೂ ಆಚೆಗಿತ್ತು. 179 ಜನ ಹೋದರು, ಬಾಲದಲ್ಲಿ ಕೂತಿದ್ದ ಇಬ್ಬರು ಸಿಬ್ಬಂದಿ ಉಳಿದರು.

ಸೋಮವಾರಪೇಟೆ_ಗೌಡ
ಕಾಂಕ್ರೀಟ್ ಯಾಕೆ ಹಾಕಿದ್ದು ಅಂತ? ನಾವು ತೋಟದ ಗೇಟಿಗೇ ಮರದ ಕಂಬ ಹಾಕುತ್ತೇವೆ, ಜೀಪು ತಾಗಿದರೆ ಕಂಬ ಮುರಿಯಲಿ ಅಂತ.

ಮಾಜಿ_ವಾರಂಟ್
ಗೌಡರೇ, ಅದೇ ಮಾತು. ಆ ಜಾಗದಲ್ಲಿ ಇರುವ ವಸ್ತು ವಿಮಾನ ತಾಗಿದರೆ ಪುಡಿಯಾಗಬೇಕು ಅಂತ ಅಂತಾರಾಷ್ಟ್ರೀಯ ನಿಯಮಗಳೇ ಹೇಳುತ್ತವೆ. ತೆಳು ಪೈಪು, ಮುರಿಯುವ ಬೋಲ್ಟು. ಅಲ್ಲಿ ಆಂಟೆನಾ ಮುರಿಯುವಂಥದ್ದೇ, ಅದನ್ನು ಹೊತ್ತ ದಿಬ್ಬ ಮಾತ್ರ ಅಲ್ಲ.

ಏಲಕ್ಕಿ_ಮಳೆ
ಇದನ್ನು ಓದಿ ಮೈ ಜುಂ ಅಂತು. ಯಾಕೆಂದರೆ ಮಂಗಳೂರಲ್ಲೂ ಇದೇ ಇತ್ತಲ್ಲವಾ? 2010ರ ಮೇ 22ಕ್ಕೆ ನಾನು ಮಂಗಳೂರಲ್ಲಿ ಓದುತ್ತಿದ್ದೆ. ಹಾಸ್ಟೆಲಲ್ಲಿ ಇನ್ನೂ ಎಲ್ಲರೂ ಮಲಗಿದ್ದರು. ಆರೂವರೆಗೆ ಆಂಬುಲೆನ್ಸ್ ಶಬ್ದ ಶುರುವಾದದ್ದು ಮಧ್ಯಾಹ್ನದವರೆಗೆ ನಿಲ್ಲಲಿಲ್ಲ. ನಮ್ಮ ಮೆಸ್‌ನಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕನ ಊರು ಕೆಂಜಾರಿನ ಹತ್ತಿರ. ಅವರ ತಮ್ಮ ಫೋನ್ ಮಾಡಿದ, ಅವರು ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಗೋಡೆಗೆ ಒರಗಿ ಕೂತರು. ಒಂದು ಮಾತೂ ಆಡಲಿಲ್ಲ. ಅವತ್ತು ದೋಸೆ ಯಾರೂ ತಿನ್ನಲಿಲ್ಲ. 166 ಜನರಲ್ಲಿ 158 ಜನ ಹೋದರು. ಈಗಲೂ ಕೂಳೂರಿಂದ ತಣ್ಣೀರುಬಾವಿಗೆ ಹೋಗುವಾಗ ಹೊಳೆ ಬದಿಯ ಆ ಸ್ಮಾರಕ ಕಂಡರೆ ನನಗೆ ಆ ಹಿಟ್ಟಿನ ಕೈಯೇ ನೆನಪಾಗುವುದು.

ಕುಶಾಲನಗರ_ಕೆಎ12
ಮಂಗಳೂರಿನದೂ ಎಮರ್ಜೆನ್ಸಿ ಲ್ಯಾಂಡಿಂಗ್ ಆಗಿತ್ತಲ್ಲ.

ಸುಂಟಿಕೊಪ್ಪ_ಶಾರ್ಜಾ
ಅಲ್ಲ ಅಣ್ಣ. ಅದೇ ಬೇಜಾರು. ವಿಮಾನಕ್ಕೆ ಏನೂ ಆಗಿರಲಿಲ್ಲ. ದುಬೈಯಿಂದ ಬಂದದ್ದು, ಅದೂ 737-800. ಕ್ಯಾಪ್ಟನ್ ದಾರಿಯಲ್ಲಿ ತುಂಬ ಹೊತ್ತು ನಿದ್ದೆ ಮಾಡಿದ್ದರು, ಗೊರಕೆ ಸದ್ದು ರೆಕಾರ್ಡರ್‌ನಲ್ಲೇ ಇತ್ತು. ಇಳಿಯುವಾಗ ತೀರಾ ಎತ್ತರದಲ್ಲಿದ್ದರು. ಪಕ್ಕದ ಪೈಲಟ್ ಮತ್ತೆ ಮೇಲೆ ಹೋಗೋಣ ಅಂತ ಹೇಳಿದರು, ಕೇಳಲಿಲ್ಲ. ಅರ್ಧಕ್ಕಿಂತ ಜಾಸ್ತಿ ರನ್‌ವೇ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಏಲಕ್ಕಿ ಅಕ್ಕ ಹೇಳಿದ್ದು ಸರಿ, ತುದಿಯ ಮರಳಲ್ಲಿ ಹೋಗುವಾಗ ಬಲರೆಕ್ಕೆ ಲೋಕಲೈಸರ್ ಆಂಟೆನಾದ ಕಾಂಕ್ರೀಟಿಗೆ ಹೊಡೆಯಿತು, ಆಮೇಲೆ ಕಮರಿಗೆ. ಗಲ್ಫಲ್ಲಿರುವ ನಮಗೆಲ್ಲ ಆ ವರದಿ ಬಾಯಿಪಾಠ. ರಜೆಗೆ ಬರುವ ಪ್ರತಿ ಸಲವೂ ಆ ತುದಿ ನೋಡಿಕೊಂಡೇ ಬರುವುದು.

ಪೊನ್ನಂಪೇಟೆ_ಪಿಯು
ಸರಿ, ಗೋಡೆ ಅಲ್ಲ ದಿಬ್ಬ, ಒಪ್ಪಿದೆ. ಆದರೆ ಚಕ್ರ ಯಾಕೆ ಬಿಡಲಿಲ್ಲ? ಪೆಟ್ರೋಲ್ ಆದರೂ ಮೇಲೆ ಖಾಲಿ ಮಾಡಿ ಬರಬಹುದಿತ್ತು. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ಸಲ್ಲಿ ಅನ್ನುವ ಪೈಲಟ್ ಎರಡೂ ಎಂಜಿನ್ ಹೋದರೂ ನದಿ ಮೇಲೆ ಇಳಿಸಿ 155 ಜನರನ್ನೂ ಉಳಿಸಿದರಲ್ಲ. ಅವರೂ ಹಕ್ಕಿಗೇ ಗುದ್ದಿದ್ದು.

ಮಾಜಿ_ವಾರಂಟ್
ಪೆಟ್ರೋಲ್ ಅಲ್ಲ, ಸೀಮೆಎಣ್ಣೆ ಜಾತಿ. ಮತ್ತೆ 737ರಲ್ಲಿ ಗಾಳಿಯಲ್ಲಿ ಇಂಧನ ಸುರಿಯುವ ವ್ಯವಸ್ಥೆಯೇ ಇಲ್ಲ. ದೊಡ್ಡ ವಿಮಾನಗಳಲ್ಲಿ ಇರುತ್ತದೆ. ಟಿವಿಯವರು ಪ್ರತಿ ಸಲ ಇದನ್ನೇ ಕೇಳುತ್ತಾರೆ, ನೀನೂ ಅದನ್ನೇ ಕೇಳಿದೆ.

ಸಲ್ಲಿಗೆ ಹಕ್ಕಿ ಸಿಕ್ಕಿದ್ದು 2,800 ಅಡಿಯಲ್ಲಿ. 208 ಸೆಕೆಂಡ್ ಸಿಕ್ಕಿತು. ಕೆಳಗೆ ಅಷ್ಟಗಲ ನದಿ, ಸುತ್ತ ದೋಣಿಗಳು. ಅವರ ಬುದ್ಧಿ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ 500 ಅಡಿಯಲ್ಲಿ ಇರುವವನನ್ನು 2,800 ಅಡಿಯಲ್ಲಿದ್ದವನ ಜೊತೆ ತೂಗಬೇಡ. ಚಕ್ರದ ವಿಷಯ: ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ನಡೆಯುವ ವ್ಯವಸ್ಥೆ) ಹೋದರೂ ಕೈಯಿಂದ ಬಿಡಬಹುದು. ಕಾಕ್‌ಪಿಟ್ ನೆಲದಲ್ಲಿ ಒಂದು ಮುಚ್ಚಳ ಇದೆ, ಅದನ್ನು ಎತ್ತಿ ಮೂರು ಹಿಡಿ ಎಳೆಯಬೇಕು, ಒಂದೊಂದು ಚಕ್ರಕ್ಕೆ ಒಂದೊಂದು. ತೂಕಕ್ಕೆ ತಾನೇ ಬಿದ್ದು ಲಾಕ್ ಆಗುತ್ತದೆ. ಒಬ್ಬ ತಿರುಗಿ ಬಗ್ಗಿ ಮಾಡುವ ಕೆಲಸ. ಎರಡೂ ಎಂಜಿನ್ ಪೆಟ್ಟು ತಿಂದು, ನೆಲ ಎದುರಿಗೇ ಬರುವಾಗ ಬಗ್ಗುವವನು ಯಾರು?

ಹಕ್ಕಿ ಅಂದರೆ ಎಷ್ಟು ಅಂತ ಕೇಳುವವರಿಗೆ. ಒಂದು ಬೆಳಗ್ಗೆ ನಾನು ಎಂಜಿನ್ ಬಾಯಿಗೆ ಟಾರ್ಚ್ ಹಿಡಿದು ನೋಡಿದ್ದೆ. ಹಿಂದಿನ ರಾತ್ರಿ ಒಂದೇ ಒಂದು ಹದ್ದು ಹೋಗಿತ್ತು. ಬ್ಲೇಡ್ ಅಂಚು ಕಲ್ಲಿಗೆ ಹೊಡೆದ ಕತ್ತಿ ಹಾಗೆ ಹಲ್ಲು ಬಿದ್ದಿತ್ತು. ಸುಟ್ಟ ಗರಿಯ ವಾಸನೆ ನಾಲ್ಕು ದಿನ ನನ್ನ ಡಾಂಗರಿಯಲ್ಲಿತ್ತು, ಹೆಂಡತಿ ಒಳಗೆ ಬಿಟ್ಟುಕೊಳ್ಳಲಿಲ್ಲ.

ಮೂರ್ನಾಡು_ಮೂಲೆ
ವಾರಂಟ್ ಸಾರ್ ಪೈಲಟ್ ಪಾರ್ಟಿ ಅಂತ ಗೊತ್ತಾಯಿತು. ಆದರೆ ಕಡಿಮೆ ಪೆಟ್ಟಾದ ಎಂಜಿನ್ನನ್ನೇ ಆಫ್ ಮಾಡಿದರು ಅಂತ 2025ರ ಜುಲೈಯಲ್ಲಿ ಸುದ್ದಿ ಬಂದಿತ್ತಲ್ಲ, ಅದನ್ನು ಯಾಕೆ ಬಿಟ್ಟಿರಿ?

ಮಾಜಿ_ವಾರಂಟ್
ಬಿಟ್ಟಿಲ್ಲ. ತನಿಖೆಯವರು ಹಾಗೆ ಹೇಳಲು ಹೊರಟಾಗ ಸತ್ತವರ ಮನೆಯವರೇ ಎದ್ದು ನಿಂತರು, ಎಲ್ಲ ತಪ್ಪನ್ನೂ ಸತ್ತ ಪೈಲಟ್‌ಗಳ ತಲೆಗೆ ಕಟ್ಟಬೇಡಿ ಅಂತ. ಬ್ಲಾಕ್ ಬಾಕ್ಸ್ ಕೊನೆಯ ನಾಲ್ಕು ನಿಮಿಷ ಏನನ್ನೂ ರೆಕಾರ್ಡ್ ಮಾಡಿಲ್ಲ, ಕರೆಂಟೇ ಹೋಗಿತ್ತು. ಎಂಜಿನ್ ತಪ್ಪಾಗಿ ಆಫ್ ಮಾಡಿದರು ಅಂತಲೇ ಇಟ್ಟುಕೊಳ್ಳಿ. ಆದರೂ ವಿಮಾನ ರನ್‌ವೇಗೆ ಬಂತಲ್ಲ ಮಾರಾಯರೇ. ಜನ ಜೀವಂತ ಇದ್ದರಲ್ಲ. ನಾನು ಹೇಳುವುದು ಅಲ್ಲಿಂದ ಮುಂದಿನದ್ದು.

ಮೂರ್ನಾಡು_ಮೂಲೆ
ಅದನ್ನು ಒಪ್ಪುತ್ತೇನೆ. ಉಳಿದದ್ದು ಒಪ್ಪುವುದಿಲ್ಲ.

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್
ಹಕ್ಕಿ ಓಡಿಸಲು ನಮ್ಮವರನ್ನು ಕರೆಯಬಹುದಿತ್ತು. ಮನೆಗೊಂದು ಕೋವಿ ಇದೆ, ರನ್‌ವೇ ಪಕ್ಕ ಸಾಲಾಗಿ ನಿಂತರೆ ಬಾತು ಆ ದಿಕ್ಕಿಗೇ ಬರುವುದಿಲ್ಲ. ಸಂಜೆ ಊಟಕ್ಕೂ ಆಯಿತು.

ಸೋಮವಾರಪೇಟೆ_ಗೌಡ
ತಮಾಷೆ ಅಲ್ಲ, ವಿಮಾನ ನಿಲ್ದಾಣಗಳಲ್ಲೂ ಪಟಾಕಿ, ಗ್ಯಾಸ್ ತೋಪು ಎಲ್ಲ ಇಟ್ಟಿರುತ್ತಾರೆ. ನಾವು ಆನೆಗೆ ಹೊಡೆಯುವ ಹಾಗೆ. ಆನೆಗೆ ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ, ಹಕ್ಕಿಗೂ ಆಗುತ್ತದೆ ಅಂತ ಕಾಣುತ್ತದೆ. ನಮ್ಮ ಗದ್ದೆಗೆ ಬಂದ ಒಂಟಿಸಲಗ ಈಗ ಪಟಾಕಿ ಹೊಡೆದರೆ ನಿಂತು ನೋಡುತ್ತದೆ, ಮುಗಿಯಿತಾ ಅನ್ನುವ ಹಾಗೆ.

ಬೇತ್ರಿ_ಹೊಳೆ
ಎಲ್ಲರಿಗೂ ಥ್ಯಾಂಕ್ಸ್, ಆದರೆ ಇದರಲ್ಲಿ ಅವ್ವನಿಗೆ ಓದಿ ಹೇಳುವಂಥದ್ದು ಒಂದೂ ಇಲ್ಲ! ಹೊಟ್ಟೆ ಮೇಲೆ ಇಳಿದು ಎಲ್ಲರೂ ಉಳಿದದ್ದು ಯಾವುದಾದರೂ ಇದೆಯಾ?

ಮಾಜಿ_ವಾರಂಟ್
ಇದೆ ತಂಗಿ. 2011ರ ನವೆಂಬರ್ 1, ಪೋಲೆಂಡಿನ ವಾರ್ಸಾ. ಬೋಯಿಂಗ್ 767, ಅಮೆರಿಕದಿಂದ ಬಂದದ್ದು, 231 ಜನ. ಹೈಡ್ರಾಲಿಕ್ ಎಣ್ಣೆ ಸೋರಿ ಚಕ್ರ ಇಳಿಯಲಿಲ್ಲ. ಬದಲಿ ವ್ಯವಸ್ಥೆಯೂ ಕೆಲಸ ಮಾಡಲಿಲ್ಲ. ಕ್ಯಾಪ್ಟನ್ ಟಾಡೆಯುಶ್ ವ್ರೋನಾ ಊರ ಮೇಲೆ ಸುಮಾರು ಒಂದು ಗಂಟೆ ಸುತ್ತಿದರು. ಕೆಳಗೆ ರನ್‌ವೇಗೆ ನೊರೆ ಹಾಕಿಸಿದರು. ಆಮೇಲೆ ಹೊಟ್ಟೆ ಮೇಲೆ ಎಷ್ಟು ನಯವಾಗಿ ಇಟ್ಟರೆಂದರೆ ಒಬ್ಬರಿಗೂ ಗಾಯ ಇಲ್ಲ. ಕೊನೆಗೆ ನೋಡಿದರೆ ಒಂದು ಸರ್ಕ್ಯೂಟ್ ಬ್ರೇಕರ್ ಹೊರಗೆ ಬಂದಿತ್ತು. ನಮ್ಮ ಮನೆ ಮೈನ್ ಬಿದ್ದ ಹಾಗೆ. ಅದನ್ನು ಒತ್ತಿದ್ದರೆ ಚಕ್ರ ಇಳಿಯುತ್ತಿತ್ತು.

ವ್ರೋನಾ ಅವರಿಗೆ ಹೊತ್ತು ಇತ್ತು. ರನ್‌ವೇ ಉದ್ದಕ್ಕೂ ಖಾಲಿ ಇತ್ತು. ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿದರು. ಅವ್ವನಿಗೆ ಇದನ್ನು ಹೇಳಿ.

ಕುಶಾಲನಗರ_ಕೆಎ12
ನನಗೆ ಇಷ್ಟವಾದದ್ದು ಕೆನಡಾದ ಗಿಮ್ಲಿ ಕಥೆ. 1983 ಜುಲೈ 23. 41,000 ಅಡಿ ಮೇಲೆ ಹೋಗುವಾಗ ವಿಮಾನದ ಎಣ್ಣೆ ಖಾಲಿ! ಯಾಕೆ ಅಂದರೆ ಆಗಷ್ಟೇ ಅಲ್ಲಿ ಪೌಂಡ್ ಬಿಟ್ಟು ಕಿಲೋಗೆ ಬದಲಾಗುತ್ತಿತ್ತು. ಒಂದು ಲೀಟರ್ ಎಣ್ಣೆ ಸುಮಾರು 0.8 ಕಿಲೋ. ಇವರು ಪೌಂಡಿನ ಲೆಕ್ಕದ 1.77 ಹಾಕಿ ಗುಣಿಸಿದರು. 22,300 ಕಿಲೋ ಬೇಕಿದ್ದ ಕಡೆ ಅದರ ಅರ್ಧವೂ ಇಲ್ಲ. ನಮ್ಮ ಅಜ್ಜ ಭತ್ತವನ್ನು ಭಟ್ಟಿ ಲೆಕ್ಕದಲ್ಲಿ ಹೇಳುವುದು, ಮಿಲ್ಲಿನವನು ಕ್ವಿಂಟಲ್‌ನಲ್ಲಿ ಬರೆದುಕೊಳ್ಳುವುದು, ಕೊನೆಗೆ ಜಗಳ. ಅದೇ ಕಥೆ, ಆದರೆ ಆಕಾಶದಲ್ಲಿ.

ಕ್ಯಾಪ್ಟನ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸಿ ಅಭ್ಯಾಸ ಇತ್ತು. ಪಕ್ಕದ ಪೈಲಟ್‌ಗೆ ಗಿಮ್ಲಿಯ ಹಳೇ ವಾಯುಪಡೆ ರನ್‌ವೇ ಗೊತ್ತಿತ್ತು. ಅಲ್ಲಿ ಅವತ್ತು ಕಾರ್ ರೇಸ್ ನಡೆಯುತ್ತಿತ್ತು, ಇವರಿಗೆ ಗೊತ್ತಿಲ್ಲ. ಎಂಜಿನ್ ಸದ್ದೇ ಇಲ್ಲದೆ ವಿಮಾನ ಬಂತು, ರನ್‌ವೇ ಮೇಲೆ ಸೈಕಲ್ ಹೊಡೆಯುತ್ತಿದ್ದ ಹುಡುಗರು ಎದ್ದು ಬಿದ್ದು ಓಡಿದರು. ಮುಂದಿನ ಚಕ್ರ ಲಾಕ್ ಆಗದೆ ಮಡಚಿಕೊಂಡಿತು, ಮೂಗು ನೆಲಕ್ಕೆ ಉಜ್ಜಿತು, ಅದೇ ಬ್ರೇಕ್ ಆಯಿತು. 69 ಜನರೂ ಉಳಿದರು.

ಏಲಕ್ಕಿ_ಮಳೆ
ಭಟ್ಟಿ ಹೋಲಿಕೆ ಸೂಪರ್ ಅಣ್ಣ. ನಾಳೆ ಏಳನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಡುತ್ತೇನೆ.

ಪೊನ್ನಂಪೇಟೆ_ಪಿಯು
ಹಿಂದಿನ ಸೀಟ್ ಸೇಫ್ ಅಲ್ವಾ? ಮುವಾನ್‌ನಲ್ಲಿ ಉಳಿದವರಿಬ್ಬರೂ ಹಿಂದೆ ಇದ್ದವರು.

ಮೂರ್ನಾಡು_ಮೂಲೆ
1989ರ ಜುಲೈ 19, ಅಮೆರಿಕದ ಸಿಯೋಕ್ಸ್ ಸಿಟಿ. ಬಾಲದ ಎಂಜಿನ್ ಒಡೆದು ಮೂರೂ ಹೈಡ್ರಾಲಿಕ್ ಹೋಯಿತು, ವಿಮಾನ ತಿರುಗಿಸಲು ಏನೂ ಇಲ್ಲ. ಕ್ಯಾಪ್ಟನ್ ಹೇನ್ಸ್, ಪ್ರಯಾಣಿಕನಾಗಿ ಬಂದಿದ್ದ ಇನ್ನೊಬ್ಬ ಪೈಲಟ್ ಎಲ್ಲ ಸೇರಿ ಬರೀ ಎಂಜಿನ್ ವೇಗ ಜಾಸ್ತಿ ಕಡಿಮೆ ಮಾಡಿ ರನ್‌ವೇವರೆಗೆ ತಂದರು. 296 ಜನರಲ್ಲಿ 184 ಜನ ಉಳಿದರು. ಉಳಿದವರಲ್ಲಿ ಹೆಚ್ಚಿನವರು ನಡುವಿನ ಸೀಟಿನವರು, ಬಾಲದವರಲ್ಲ. ಹಾಗಾಗಿ ಸೀಟ್ ಲೆಕ್ಕ ಹಾಕುತ್ತಾ ಕೂರುವುದು ಸುಮ್ನೆ. ಪ್ರತಿ ಅಪಘಾತವೂ ಬೇರೆ ಕಡೆಯಿಂದ ಮುರಿಯುತ್ತದೆ.

ಸುಂಟಿಕೊಪ್ಪ_ಶಾರ್ಜಾ
ಸೀಟ್ ಬಿಡಿ, ಬಾಗಿಲು ಲೆಕ್ಕ ಹಾಕಲಿ. ನಾನು ಕೂತ ತಕ್ಷಣ ಹಿಂದೆ ಮುಂದೆ ಎಷ್ಟನೇ ಸಾಲಿಗೆ ಬಾಗಿಲು ಅಂತ ಎಣಿಸುತ್ತೇನೆ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಕೈಯಲ್ಲಿ ಸೀಟ್ ಮುಟ್ಟಿ ಎಣಿಸಿಕೊಂಡೇ ಹೋಗಬೇಕು.

ನನ್ನ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಇದೇ ಜುಲೈ, ಮಂಗಳೂರಿಗೆ ಇಳಿಯುವುದು. ಕಿಟಕಿ ಹೊರಗೆ ಬಿಳಿ ಗೋಡೆ, ರೆಕ್ಕೆ ತುದಿಯೂ ಕಾಣುವುದಿಲ್ಲ. ಚಕ್ರ ಇಳಿದ ಸದ್ದು ಬಂತು. ಎಲ್ಲರೂ ಫೋನ್ ಆನ್ ಮಾಡಲು ಕೈ ಹಾಕಿದರು (ಹಾಕಬಾರದು, ಆದರೂ). ತೆಂಗಿನ ಮರ ಒಂದು ಸೆಕೆಂಡ್ ಕಂಡಿತು. ಅಷ್ಟರಲ್ಲಿ ಎಂಜಿನ್ ಗರ್ ಅಂತ ಕೂಗಿ ವಿಮಾನ ಮೂಗು ಎತ್ತಿತು. ಹೊಟ್ಟೆ ಬೆನ್ನಿಗೆ ಅಂಟಿತು. ಪಕ್ಕದ ಮುದುಕರು ತಸ್ಬೀಹ್ ಉರುಳಿಸುವುದನ್ನು ನಿಲ್ಲಿಸಿ ನನ್ನ ಮೊಣಕೈ ಹಿಡಿದರು, ಬೆಂಗಳೂರು ಬರುವವರೆಗೆ ಬಿಡಲಿಲ್ಲ. ಹಿಂದಿನ ಸೀಟಲ್ಲಿ ಒಂದು ಮಗು "ಇನ್ನೊಂದ್ಸಲ!" ಅಂತು. ಯಾರೂ ನಗಲಿಲ್ಲ.

ಎರಡು ಸಲ ಪ್ರಯತ್ನ ಮಾಡಿ ಬೆಂಗಳೂರಿಗೆ ತಿರುಗಿಸಿದರು. ಅವತ್ತು ಕೆಲವರು ಗಗನಸಖಿ ಜೊತೆ ಜಗಳ ಆಡಿದರು, ಇಳಿಸಬಹುದಿತ್ತು ಅಂತ. ನಾನು ಆಡಲಿಲ್ಲ. ಮಂಗಳೂರು ವರದಿ ಓದಿದವನು ಆಡುವುದಿಲ್ಲ. ಮತ್ತೆ ಲಾಭವೂ ಆಯಿತು, ಮಂಗಳೂರಲ್ಲಿ ಇಳಿದಿದ್ದರೆ ಸಂಪಾಜೆ ಘಾಟಿ ಹತ್ತಬೇಕಿತ್ತು. ಬೆಂಗಳೂರಿಂದ ಕೆಂಪು ಬಸ್ಸಿಗೆ ಕೂತು ಸೀದಾ ಸುಂಟಿಕೊಪ್ಪ.

ಮಾಜಿ_ವಾರಂಟ್
ಆ ಪೈಲಟ್‌ಗೆ ನನ್ನ ಸಲಾಂ. ಇಳಿಸದೆ ಮೇಲೆ ಹೋದವನ ಹೆಸರು ಯಾವ ಪೇಪರ್‌ನಲ್ಲೂ ಬರುವುದಿಲ್ಲ.

2020ರ ಆಗಸ್ಟ್ 7ಕ್ಕೆ ಕೋಯಿಕ್ಕೋಡ್‌ನಲ್ಲಿ ಉಲ್ಟಾ ಆಯಿತು. ಎರಡನೇ ಪ್ರಯತ್ನ, ಜೋರು ಮಳೆ, ಕ್ಯಾಪ್ಟನ್ ಕಡೆಯ ವೈಪರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅರ್ಧ ರನ್‌ವೇ ಹೋದ ಮೇಲೆ ನೆಲ ಮುಟ್ಟಿ ತುದಿಯಿಂದ ಕೆಳಗೆ ಬಿತ್ತು. 190 ಜನ, 21 ಸಾವು. ಇಬ್ಬರು ಪೈಲಟ್‌ಗಳೂ ಹೋದರು. ಮಂಗಳೂರಿನ ಹಾಗೆ ಬೆಂಕಿ ಹತ್ತಲಿಲ್ಲ, ಅದಕ್ಕೇ ಅಷ್ಟು ಜನ ಉಳಿದದ್ದು. ಮತ್ತೆ ಕೊಂಡೋಟಿ ಸುತ್ತಿನ ಜನ. ಕೊರೋನಾ ಕಾಲ, ಮುಟ್ಟಬಾರದು ಅಂತ ಇದ್ದರೂ ಮಳೆಯಲ್ಲಿ ಓಡಿ ಬಂದು ಮಕ್ಕಳನ್ನು ಎತ್ತಿಕೊಂಡು ಹೋದರು.

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್
ಇಷ್ಟೆಲ್ಲ ಯಾಕೆ, ನಮಗೇ ಒಂದು ಏರ್‌ಪೋರ್ಟ್ ಆಗಲಿ. ಕೂಡಿಗೆ ಹತ್ತಿರ ಏರ್‌ಸ್ಟ್ರಿಪ್ ಅಂತ ಮಾತು ಬಂದು ಎಷ್ಟು ವರ್ಷ ಆಯಿತು.

ಕುಶಾಲನಗರ_ಕೆಎ12
ಮೊದಲು ರೈಲು ಬರಲಿ. ಜಿಲ್ಲೆಗೆ ಒಂದು ಹಳಿ ಇಲ್ಲ, ಇವರಿಗೆ ವಿಮಾನ.

ಸೋಮವಾರಪೇಟೆ_ಗೌಡ
ರೈಲೂ ಬೇಡ. ರೈಲು ಬಂದರೆ ಕಾಡು ಹೋಗುತ್ತದೆ, ಜನ ಬರುತ್ತಾರೆ. ಶನಿವಾರ ಮಡಿಕೇರಿಯಲ್ಲಿ ಜೀಪು ತಿರುಗಿಸಲು ಈಗಲೇ ಜಾಗ ಇಲ್ಲ.

ಕುಶಾಲನಗರ_ಕೆಎ12
ನಿಮ್ಮದು ತೋಟ ಇದೆ ಗೌಡರೇ, ಹಾಗೆ ಹೇಳುತ್ತೀರಿ. ನಮ್ಮ ಮಕ್ಕಳು ಕೆಲಸಕ್ಕೆ ಬಸ್ಸಲ್ಲೇ ಸಾಯಬೇಕಾ?

ನಿರ್ವಾಹಕ
ರೈಲಿನ ಜಗಳಕ್ಕೆ ಬೇರೆ ಎಳೆ ಇದೆ, 400 ಉತ್ತರ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಅವ್ವನ ವಿಷಯ.

ಏಲಕ್ಕಿ_ಮಳೆ
ಇಳಿಯುವುದಕ್ಕಿಂತ ಇಳಿದ ಮೇಲೆ ಏನು ಮಾಡುತ್ತಾರೆ ಅನ್ನುವುದೇ ದೊಡ್ಡದು ಅಂತ ನನಗೆ ಅನಿಸುತ್ತದೆ. 2019ರ ಮೇ 5ಕ್ಕೆ ಮಾಸ್ಕೋದಲ್ಲಿ ಸಿಡಿಲು ಹೊಡೆದ ವಿಮಾನ ವಾಪಸ್ ಬಂದು ಇಳಿಯುವಾಗ ಕುಪ್ಪಳಿಸಿ ಬೆಂಕಿ ಹತ್ತಿತು. 78ರಲ್ಲಿ 41 ಜನ ಹೋದರು. ಕೆಲವರು ಬ್ಯಾಗ್ ಹಿಡಿದುಕೊಂಡೇ ಇಳಿದು ಬರುವ ದೃಶ್ಯ ಇದೆ. ಅದರಿಂದಲೇ ಹಿಂದಿನವರು ಸತ್ತರು ಅಂತ ನಾನು ಹೇಳುವುದಿಲ್ಲ, ಆದರೆ ನೋಡಿದರೆ ಸಿಟ್ಟು ಬರುತ್ತದೆ. ಅದೇ 2024ರ ಜನವರಿ 2, ಟೋಕಿಯೋದ ಹನೇಡಾ. ರನ್‌ವೇಯಲ್ಲಿ ಇನ್ನೊಂದು ಸಣ್ಣ ವಿಮಾನಕ್ಕೆ ಗುದ್ದಿ ಹೊತ್ತಿ ಉರಿಯಿತು. ದೊಡ್ಡ ವಿಮಾನದ 379 ಜನರೂ ಬ್ಯಾಗ್ ಬಿಟ್ಟು ಇಳಿದರು, ಎಲ್ಲರೂ ಉಳಿದರು. ಸಣ್ಣ ವಿಮಾನದ ಐವರು ಮಾತ್ರ ಹೋದರು.

ಮಾಜಿ_ವಾರಂಟ್
ಟೀಚರ್ ಹೇಳಿದ್ದು ನೂರಕ್ಕೆ ನೂರು. 1980ರ ಆಗಸ್ಟ್ 19, ಸೌದಿಯ ರಿಯಾದ್. ಸರಕಿನ ಕೋಣೆಯಲ್ಲಿ ಬೆಂಕಿ, ಪೈಲಟ್ ವಾಪಸ್ ತಿರುಗಿಸಿ ಚೆನ್ನಾಗಿಯೇ ಇಳಿಸಿದರು. ಆದರೆ ತಕ್ಷಣ ನಿಲ್ಲಿಸಲಿಲ್ಲ, ರನ್‌ವೇ ಬಿಟ್ಟು ಓಡಿಸಿಕೊಂಡು ಹೋದರು. ನಿಂತ ಮೇಲೂ ಎಂಜಿನ್ ಮೂರು ನಿಮಿಷ ಓಡುತ್ತಿತ್ತು. ಹೊರಗಿನವರು ಬಾಗಿಲು ತೆರೆಯುವಷ್ಟರಲ್ಲಿ 23 ನಿಮಿಷ. 301 ಜನರಲ್ಲಿ ಒಬ್ಬರೂ ಇಲ್ಲ. ಗಾಯದಿಂದ ಸತ್ತವರಲ್ಲ, ಹೊಗೆಯಿಂದ. ವಿಮಾನ ಒಂಚೂರೂ ಮುರಿದಿರಲಿಲ್ಲ.

ಹೊಸ ವಿಮಾನಕ್ಕೆ ಪರವಾನಗಿ ಕೊಡುವಾಗ ಅರ್ಧ ಬಾಗಿಲು ಮಾತ್ರ ತೆರೆದು 90 ಸೆಕೆಂಡಿನಲ್ಲಿ ಖಾಲಿ ಆಗುತ್ತದಾ ಅಂತ ನೋಡುತ್ತಾರೆ. ಅದರಲ್ಲಿ ನಿಮ್ಮ ಬ್ಯಾಗಿಗೆ ಒಂದು ಸೆಕೆಂಡೂ ಇಲ್ಲ.

ಬೇತ್ರಿ_ಹೊಳೆ
ಅವ್ವನಿಗೆ ಪೋಲೆಂಡ್ ಕಥೆ, ಕೆನಡಾ ಕಥೆ ಎರಡೂ ಹೇಳಿದೆ. ಸರ್ಕ್ಯೂಟ್ ಬ್ರೇಕರ್ ವಿಷಯಕ್ಕೆ ಬಿದ್ದು ಬಿದ್ದು ನಕ್ಕರು. "ಅಷ್ಟು ಓದಿದವರು ಮೈನ್ ನೋಡಲಿಲ್ಲವಾ" ಅಂತ. ಪೆಟ್ಟಿಗೆ ಮಂಚದ ಕೆಳಗಿಂದ ಅರ್ಧ ಹೊರಗೆ ಬಂದಿದೆ. ಆದರೆ ಬ್ಯಾಗ್ ಬಿಟ್ಟು ಇಳಿಯಬೇಕು ಅಂದ ಕೂಡಲೇ ಮುಖ ಬದಲಾಯಿತು. ಕೈಚೀಲದಲ್ಲಿ ಅಣ್ಣನಿಗೆ ಕಣಿಲೆ ಉಪ್ಪಿನಕಾಯಿ ಎರಡು ಬಾಟಲಿ ಇದೆ. ಅದನ್ನು ಬಿಟ್ಟು ಇಳಿಯುವುದಿಲ್ಲವಂತೆ.

ಸುಂಟಿಕೊಪ್ಪ_ಶಾರ್ಜಾ
ಅಕ್ಕ, ಕೈಚೀಲದಲ್ಲಿ ಉಪ್ಪಿನಕಾಯಿ ಸೆಕ್ಯೂರಿಟಿಯಲ್ಲೇ ತೆಗೆಸುತ್ತಾರೆ! ಚೆಕ್-ಇನ್ ಪೆಟ್ಟಿಗೆಗೆ ಹಾಕಿ. ಮುಚ್ಚಳಕ್ಕೆ ಟೇಪ್, ಮೇಲೆ ಎರಡು ಪ್ಲಾಸ್ಟಿಕ್, ಅದರ ಮೇಲೆ ಹಳೇ ಟವೆಲ್. ಅನುಭವದ ಮಾತು, ಒಂದು ಸಲ ನನ್ನ ಅಷ್ಟೂ ಶರ್ಟ್ ಉಪ್ಪಿನಕಾಯಿ ಆಗಿತ್ತು.

ಇನ್ನೊಂದು. ಅವ್ವನಿಗೆ ಬೆಲ್ಟ್ ಬಿಚ್ಚುವುದು ಕಲಿಸಿ. ಕಾರಿನ ಬೆಲ್ಟ್ ಗುಂಡಿ ಒತ್ತಿದರೆ ಬಿಡುತ್ತದೆ, ವಿಮಾನದ್ದು ಮೇಲಿನ ತಗಡು ಎತ್ತಬೇಕು. ಗಾಬರಿಯಲ್ಲಿ ಜನ ಗುಂಡಿ ಹುಡುಕುತ್ತಾ ಸೊಂಟ ಒತ್ತುತ್ತಾ ಕೂರುತ್ತಾರೆ.

ಮೂರ್ನಾಡು_ಮೂಲೆ
ಈ ಬೆಲ್ಟ್ ವಿಷಯ ನನಗೂ ಗೊತ್ತಿರಲಿಲ್ಲ. ಆರು ಸಲ ಹೋಗಿದ್ದೇನೆ, ಪ್ರತಿ ಸಲ ಪಕ್ಕದವರನ್ನು ನೋಡಿ ಬಿಚ್ಚಿದ್ದು.

ಮಾಜಿ_ವಾರಂಟ್
ಊರಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಕಣ್ಣೂರಿನದು 3,050 ಮೀಟರ್, ಮಂಗಳೂರಿನದು 2,450. ಎರಡೂ ಗುಡ್ಡ ಕಡಿದು ಮಾಡಿದ ಜಾಗವೇ. ಉದ್ದ ಜಾಸ್ತಿ ಇದ್ದರೆ ತಪ್ಪಿಗೆ ಸ್ವಲ್ಪ ಜಾಗ ಇರುತ್ತದೆ, ಅಷ್ಟೇ. ಮಂಗಳೂರಲ್ಲಿ ದಿನಾ ಇಳಿಯುತ್ತಿವೆ, ಯಾರೂ ಹೆದರಿ ಬಿಟ್ಟಿಲ್ಲ. ನಿಮಗೆ ಹತ್ತಿರ ಕಣ್ಣೂರು. ಹೋಗುವಾಗ ಏರುವುದು ತಾನೇ, ಇಳಿಯುವುದು ಶಾರ್ಜಾದಲ್ಲಿ, ಅಲ್ಲಿ ಮಳೆಯೂ ಇಲ್ಲ ಗುಡ್ಡವೂ ಇಲ್ಲ. ವಾಪಸ್ ಬರುವ ಟಿಕೆಟ್ ಅಕ್ಟೋಬರ್ ಕಳೆದ ಮೇಲೆ ಮಾಡಿ. ಬಾಣಂತನ ಮುಗಿಸದೆ ಅವ್ವ ಬರುವುದೂ ಇಲ್ಲವಲ್ಲ.

ಪೊನ್ನಂಪೇಟೆ_ಪಿಯು
ಏರುವಾಗಲೂ ಆಗುತ್ತದೆ ಅಂಕಲ್. ಅಹಮದಾಬಾದ್, 2025 ಜೂನ್ 12.

ಏಲಕ್ಕಿ_ಮಳೆ
ನೀನು ಸ್ವಲ್ಪ ಸುಮ್ಮನಿರು ಪುಟ್ಟ.

ಬೇತ್ರಿ_ಹೊಳೆ
ಕಣ್ಣೂರಿಗೆ ಟಿಕೆಟ್ ಆಯಿತು, ಗುರುವಾರ ಮಧ್ಯಾಹ್ನ. ರೆಕ್ಕೆ ಹಿಂದಿನ ಸಾಲು, ಓಡಾಡುವ ದಾರಿ ಪಕ್ಕ. ಅಪ್ಪನ ಹಳೇ ಸೊಂಟದ ಬೆಲ್ಟ್ ಹಾಕಿ ಊಟದ ಕುರ್ಚಿಯಲ್ಲಿ ಕೂರಿಸಿ ತೋರಿಸಿದೆ, ತಗಡು ಎತ್ತುವುದು ಹೇಗೆ ಅಂತ. ಈಗ ಅವರೇ ನೆರೆಮನೆಯವರಿಗೆಲ್ಲ ಕಲಿಸುತ್ತಿದ್ದಾರೆ. ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೆ ಹೋಯಿತು, ಆರು ಸುತ್ತು ಟೇಪ್. "ಕೈಯಲ್ಲಿ ಏನೂ ಇಲ್ಲ, ಇನ್ನು ಬಿದ್ದರೆ ಓಡುತ್ತೇನೆ" ಅಂದರು.

ಗೋಣಿಕೊಪ್ಪ_ಬಸ್‌ಸ್ಟ್ಯಾಂಡ್
ಗುರುವಾರ ಆದರೆ ಬೆಳಗ್ಗೆ ಆರಕ್ಕೇ ಬಿಡಿ. ನಿನ್ನೆ ಮಾಕುಟ್ಟದಲ್ಲಿ ಮರ ಬಿದ್ದು ಎರಡು ಗಂಟೆ ನಿಂತಿದ್ದೆವು. ಜೀಪಲ್ಲಿ ಒಂದು ಕತ್ತಿ ಇಟ್ಟುಕೊಳ್ಳಿ. ಏರ್‌ಪೋರ್ಟ್ ಗೇಟಿಗೆ ಹೋಗುವ ಮೊದಲು ಸೀಟ್ ಕೆಳಗೆ ಹಾಕಿಬಿಡಿ.